ಹಳದಿ ಬೆಲ್ಟ್ ಮತ್ತು ನೆರಳಿನ ದ್ರಾಕ್ಷಿ

ಕರಾಟೆ ಕ್ಲಾಸಿಗೆ ನಾನು ಸೇರಿದ್ದು ಸುಮ್ಮನೆ ಕೂರಲಾಗದೆ. ಮಗಳನ್ನು ತಿಕೋಟಾದಿಂದ ವಿಜಯಪುರದ ಜಲನಗರಕ್ಕೆ ಬೈಕಿನಲ್ಲಿ ಕರೆದುಕೊಂಡು ಹೋಗಿ, ಕ್ಲಾಸು ಮುಗಿಯುವವರೆಗೆ ಕಾಂಪೌಂಡ್ ಗೋಡೆಯ ಮೇಲೆ ಕಾಯುತ್ತಿದ್ದೆ. ಬಬಲೇಶ್ವರದಲ್ಲಿ ಐದನೇ ಇಯತ್ತೆಗೇ ಶಾಲೆ ಬಿಟ್ಟು ದ್ರಾಕ್ಷಿ ತೋಟಕ್ಕೆ ಇಳಿದ ಮೈ ಇದು. ಈಗ ತಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಒಂದು ಶೆಡ್ಡು ನನ್ನ ಕೈಯಲ್ಲಿದೆ. ನನ್ನಷ್ಟು ದುಡಿಯುವವರು ಈ ಭಾಗದಲ್ಲಿ ಕಡಿಮೆ. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವೇನಿಲ್ಲ.

ಕಲಿಸುವ ಮೇಡಮ್ಮಿಗೆ ನನ್ನ ಅರ್ಧ ವಯಸ್ಸು. ಒಂದು ದಿನ ಅವರೇ ಹೊರಗೆ ಬಂದು, ಕೂತು ಕೂತು ಗೋಡೆ ಸವೆಸುವ ಬದಲು ಒಳಗೆ ಬಂದು ನಿಲ್ಲಿ ಅಂದರು. ನಿಂತೆ. ಮಕ್ಕಳ ಸಾಲಿನ ಕೊನೆಗೆ, ಬಿಳಿ ಬೆಲ್ಟ್ ಕಟ್ಟಿಕೊಂಡು.

ಮೊದಲ ಪರೀಕ್ಷೆಯಲ್ಲಿ ನನ್ನ ಜೊತೆಯ ಬಿಳಿ ಬೆಲ್ಟಿನ ಮಕ್ಕಳೆಲ್ಲ ಹಳದಿ ಬೆಲ್ಟ್ ಪಡೆದರು. ನನ್ನ ಕಾಲು ಮಾತ್ರ ಸೊಂಟದ ಮೇಲೆ ಏಳಲಿಲ್ಲ. ಅದೂ ಹೋಗಲಿ ಅನ್ನಬಹುದಿತ್ತು. ಆದರೆ ಮನೆ ಮುಟ್ಟಿದ ಮೇಲೆ ನೋಡಿದರೆ, ನನಗಿಂತ ಮೊದಲೇ ಸೇರಿ ಮುಂದಿದ್ದ ಮಗಳು ಅಂದೇ ಗಳಿಸಿದ ಹಸಿರು ಬೆಲ್ಟನ್ನು ಮಡಚಿ ಚೀಲದ ತಳದಲ್ಲಿ ಬಚ್ಚಿಟ್ಟಿದ್ದಳು. ಅಪ್ಪನ ಮನಸ್ಸಿಗೆ ನೋವಾದೀತು ಅಂತ. ಅಂದಿನಿಂದ ಕ್ಲಾಸಿನಲ್ಲಿ ಮಾತ್ರ ಕಟ್ಟುತ್ತಿದ್ದಳು. ನನ್ನ ಬೈಕು ಹತ್ತುವ ಮುಂಚೆ ಬಿಚ್ಚಿ ಒಳಗಿಡುತ್ತಿದ್ದಳು. ಆ ಬೆಲ್ಟ್ ಚೀಲದಿಂದ ಹೊರಗೆ ಬರಬೇಕೆಂದರೆ ನಾನು ಪಾಸಾಗಲೇಬೇಕಿತ್ತು.

ನನಗೆ ಗೊತ್ತಿದ್ದ ದಾರಿ ಒಂದೇ: ಎರಡರಷ್ಟು ದುಡಿಯುವುದು. ನಸುಕಿನಲ್ಲಿ ಶೆಡ್ಡಿನ ಅಂಗಳದಲ್ಲಿ ಒದೆ, ಕೆಲಸ ಮುಗಿದ ಮೇಲೆ ಬಸ್ಕಿ, ಸಂಜೆ ಕ್ಲಾಸು. ರವಿವಾರವೂ ಬಿಡಲಿಲ್ಲ. ದಿನ ಕಳೆದಂತೆ ಒದೆ ಮೇಲೇರುವುದರ ಬದಲು ಕೆಳಗಿಳಿಯತೊಡಗಿತು. ತೊಡೆಗಳು ಕಟ್ಟಿಗೆಯಾದವು. ಮೇಡಮ್ಮು ಒಂದು ವಾರ ನೋಡಿದರು, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

“ಕಾಕಾ, ನಾಳೆ ಏನೂ ಮಾಡಬ್ಯಾಡ್ರಿ. ಕಾಲಿಗೆ ಒಂದಿನ ಸೂಟಿ ಕೊಡ್ರಿ.”

ಇವರು ನನ್ನ ಮೇಲಿನ ಆಸೆ ಬಿಟ್ಟರು ಅಂದುಕೊಂಡೆ. ದುಡಿಯುವವನಿಗೆ ಅವನು ಕೇಳದೆಯೇ ರಜೆ ಕೊಡುವುದೆಂದರೆ ಕೆಲಸದಿಂದ ತೆಗೆದ ಹಾಗೆಯೇ. ಮರುದಿನ ಹಟಕ್ಕೆ ಬಿದ್ದು ಇನ್ನೂ ಹೆಚ್ಚು ಬಸ್ಕಿ ಹೊಡೆದೆ.

ಮುಂದಿನ ರವಿವಾರ ಮಗಳು ಶೆಡ್ಡಿಗೆ ಬುತ್ತಿ ತಂದಿದ್ದಳು. ಒಳಗೆ ಸಾಲು ಸಾಲು ಬಲೆಗಳ ಮೇಲೆ ದ್ರಾಕ್ಷಿ ಹರಡಿತ್ತು. ನಮ್ಮ ಬಬಲೇಶ್ವರದಿಂದಲೇ ಹೊಸದಾಗಿ ಕೆಲಸಕ್ಕೆ ಬಂದಿದ್ದ ಆಳು, ಪಡುವಣ ಕಡೆಯ ನೆರಳಿನ ಪರದೆಯನ್ನು ಪೂರ್ತಿ ಸುತ್ತಿ ಮೇಲೆ ಕಟ್ಟಿಬಿಟ್ಟಿದ್ದ. ಬಿಸಿಲು ನೇರ ಬಲೆಯ ಮೇಲೆ ಬಿದ್ದು, ಆ ಅಂಚಿನ ಹಣ್ಣು ಆಗಲೇ ಕಂದು ತಿರುಗಿತ್ತು. ಏನಪ್ಪಾ ಇದು ಅಂತ ಕೇಳಿದರೆ, ಜಲ್ದಿ ಒಣಗಲಿ ಅಂತ ಮಾಡಿದೆ ಅಂದ.

“ಜಲ್ದಿ ಒಣಗತಾವಲೇ, ಆದ್ರ ಕರ್ರಗಾಗತಾವ,” ಅಂದೆ. “ಬಿಸಿಲು ಹೊರಗಿರಬೇಕು, ಗಾಳಿ ಒಳಗ ಬರಬೇಕು. ನಮ್ಮ ಕೆಲಸ ನಾವು ಮಾಡಿ ಸುಮ್ನ ಬಿಟ್ಟುಬಿಡಬೇಕು. ಅವು ನೆರಳಾಗ ತಾವ ಆಗತಾವ.”

ಬುತ್ತಿ ಬಿಚ್ಚುತ್ತಿದ್ದ ಮಗಳು ತಲೆ ಎತ್ತದೆ ಕೇಳಿದಳು: “ಅಪ್ಪಾ, ಮೇಡಮ್ಮಾರು ನಿನಗ ಹೇಳಿದ್ದೂ ಇದನ್ನ ಅಲ್ಲೇನು?”

ಬೈಸಿಕೊಂಡವನೇ ಮೊದಲು ನಕ್ಕ. ನಾನು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡೆ. ಆಳಿನ ಮುಂದೆ ಹೌದು ಅನ್ನುವ ಮನುಷ್ಯ ನಾನಲ್ಲ. ಆದರೆ ಅಂದು ಸಂಜೆ ಬಸ್ಕಿ ಹೊಡೆಯಲಿಲ್ಲ. ಶೆಡ್ಡಿನ ಪಕ್ಕ ಹೊರಸು ಹಾಕಿಕೊಂಡು ಕಾಲು ಚಾಚಿ ಮಲಗಿದೆ. ಎಷ್ಟು ಕಷ್ಟದ ಕೆಲಸ ಅದು!

ಅಲ್ಲಿಂದ ಒಂದು ದಿನ ಅಭ್ಯಾಸ, ಒಂದು ದಿನ ನೆರಳು. ಅಭ್ಯಾಸದ ದಿನವೂ ಒದೆ ಸ್ವಲ್ಪವೇ, ನಿಧಾನವಾಗಿ. ಶೆಡ್ಡಿನಲ್ಲಿ ಒಣದ್ರಾಕ್ಷಿ ಚೀಲ ಎತ್ತುವಾಗಿನಂತೆ ಉಸಿರು ಬಿಗಿಹಿಡಿಯದೆ, ಕಾಲು ಹೋಗುವಾಗ ಉಸಿರನ್ನೂ ಬಿಡುತ್ತಾ. ತೊಡೆಗಳು ಸಡಿಲಾದವು. ಮೇಡಮ್ಮು ಶಹಬ್ಬಾಸ್ ಅನ್ನಲಿಲ್ಲ. ಒದೆಯಲು ಹಿಡಿಯುತ್ತಿದ್ದ ಪ್ಯಾಡನ್ನು ದಿನಕ್ಕಿಷ್ಟು ಮೇಲೆ ಹಿಡಿಯುತ್ತಾ ಹೋದರು. ನನಗೆ ಅಷ್ಟು ಸಾಕಾಗಿತ್ತು.

ಪರೀಕ್ಷೆಯ ದಿನ ಪ್ಯಾಡು ನನ್ನ ಎದೆಯ ಮಟ್ಟಕ್ಕಿತ್ತು. ಉಸಿರು ಬಿಟ್ಟೆ, ಕಾಲು ಹೋಯಿತು. ಪ್ಯಾಡಿಗೆ ಬಿದ್ದ ಸದ್ದಿಗೆ ಸಾಲಿನಲ್ಲಿದ್ದ ಮಕ್ಕಳು ತಿರುಗಿ ನೋಡಿದರು. ತರಿಸಿದ್ದ ಹಳದಿ ಬೆಲ್ಟುಗಳೆಲ್ಲ ಮಕ್ಕಳ ಅಳತೆಯವು. ನನ್ನ ಹೊಟ್ಟೆ ಸುತ್ತಿ ಗಂಟು ಹಾಕುವಷ್ಟರಲ್ಲಿ ತುದಿಗಳು ಮೊಲದ ಕಿವಿಯಂತೆ ನಿಂತವು. ಸ್ಟೇಷನ್ ರಸ್ತೆಯ ಅಂಗಡಿಯಿಂದ ದೊಡ್ಡದು ತರಿಸೋಣ ಅಂದರು ಮೇಡಮ್ಮು. ಇರಲಿ ಬಿಡಿ ಅಂದು ಹಾಗೆಯೇ ಬೈಕು ಹತ್ತಿದೆ. ಹಿಂದೆ ಕೂತ ಮಗಳು ಅಂದು ತನ್ನ ಬೆಲ್ಟ್ ಬಿಚ್ಚಲಿಲ್ಲ.

ತಿಕೋಟಾದ ಬಸ್ ಸ್ಟ್ಯಾಂಡಿನ ಎದುರು ಚಹಾ ಅಂಗಡಿಯವನು ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಈ ವಯಸ್ಸಿನಾಗ ಯಾರನ್ನ ಒದೀಬೇಕಂತ ಮಾಡೀರಿ ಅಂತ ಕೇಳಿದ. ನಾನು ಬಾಯಿ ತೆರೆಯುವ ಮುಂಚೆ ಮಗಳು ಹೇಳಿದಳು:

“ನಾಳೆ ಅಂತೂ ಯಾರನ್ನೂ ಇಲ್ಲರಿ ಕಾಕಾ. ನಾಳೆ ನಮ್ಮಪ್ಪನ ಕಾಲಿಗೆ ಸೂಟಿ.”