ಏಳು ಕಲ್ಲುಗಳನ್ನು ನೋಡಿಕೊಳ್ಳುವವಳು

ತೊಂಬತ್ತರ ದಶಕದ ನಡುವಿನಲ್ಲಿ, ಎಂ.ಎ. ಮುಗಿಸಿ ನಂಜನಗೂಡಿನ ಮನೆಯಲ್ಲಿ ಸುಮ್ಮನೆ ಕೂತಿದ್ದಾಗ, ಒಂದು ಸಂಶೋಧನೆಗೆ ಮಾಹಿತಿ ಕೂಡಿಸಿಕೊಡುವ ಕೆಲಸ ಸಿಕ್ಕಿತು. ಹಿಂದೂ ಹೆಂಗಸರಿಗೆ ಅವರ ಧರ್ಮದಲ್ಲಿ ಯಾವ ಸ್ಥಾನವಿದೆ ಎಂಬುದು ವಿಷಯ. ನಡೆಸುತ್ತಿದ್ದ ಪ್ರಾಧ್ಯಾಪಕಿ ಹೊರರಾಜ್ಯದವರು, ಕನ್ನಡ ಬಾರದು. ನಂಜನಗೂಡು ಮತ್ತು ನರಸೀಪುರ ತಾಲ್ಲೂಕುಗಳ ಹಳ್ಳಿಗಳಿಗೆ ಹೋಗಿ ನಾಲ್ಕು ಪುಟದ ಪ್ರಶ್ನಾವಳಿಯನ್ನು ತುಂಬಿಸಿಕೊಂಡು ಬರುವುದು ನನ್ನ ಕೆಲಸ. ಪ್ರಶ್ನೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವಳೂ ನಾನೇ.

ಆ ಕೊನೆಯ ಮಾತನ್ನು ಮರೆಯುವ ಹಾಗಿಲ್ಲ. ದೇವರ ಆಚರಣೆಗಳನ್ನು ನಡೆಸಿಕೊಂಡು ಬರುತ್ತಿರುವವರು ಯಾರು ಎಂದು ಇಂಗ್ಲಿಷಿನಲ್ಲಿ ಸ್ವಲ್ಪ ಅಗಲವಾಗಿಯೇ ಇತ್ತು. ನಾನು ಅದನ್ನು ‘ಪೂಜೆ ಮಾಡುವವರು ಯಾರು?’ ಎಂದು ಮೂರು ಪದಕ್ಕೆ ಇಳಿಸಿದೆ. ಚೊಕ್ಕವಾಗಿದೆ ಅನ್ನಿಸಿತು.

ನಮ್ಮದು ದೇವಸ್ಥಾನದ ಜೊತೆಗೆ ಬೆಳೆದ ಮನೆ. ಅಮ್ಮ ನಸುಕಿನಲ್ಲೇ ಎದ್ದು ಮಡಿಯುಟ್ಟು ದೇವರ ಪಾತ್ರೆ ಬೆಳಗಿ, ಹೂ ಬಿಡಿಸಿ, ಗಂಧ ತೇಯ್ದು, ಬತ್ತಿ ಹೊಸೆದು, ನೈವೇದ್ಯಕ್ಕೆ ಇಟ್ಟು, ರಂಗೋಲಿ ಬಿಡುತ್ತಿದ್ದಳು. ಅಷ್ಟರಲ್ಲಿ ಯಾರಾದರೂ ಬಂದರೆ, ‘ಪೂಜೆ ಇನ್ನೂ ಆಗಿಲ್ಲ, ಅವರು ಸ್ನಾನಕ್ಕೆ ಹೋಗಿದ್ದಾರೆ’ ಎನ್ನುತ್ತಿದ್ದಳು. ಅಪ್ಪ ಬಂದು ಮಣೆಯ ಮೇಲೆ ಕೂತಾಗಲೇ ಪೂಜೆ ಶುರು. ನನ್ನ ಮೂರು ಪದಗಳು ಬಂದದ್ದು ಈ ಮನೆಯಿಂದ. ಆಗ ಅದು ನನಗೆ ತಿಳಿದಿರಲಿಲ್ಲ.

ಸುತ್ತೂರು ದಾಟಿ ನರಸೀಪುರದ ಕಡೆಗೆ, ಹೊಳೆಯ ದಂಡೆಯ ಒಂದು ಹಳ್ಳಿ. ಊರಿನ ಹೊರಗೆ ಹೊಂಗೆಯ ಮರದ ಕೆಳಗೆ ಸಾಲಾಗಿ ಏಳು ಕಲ್ಲುಗಳು. ಏಳು ಜನ ಅಕ್ಕತಂಗಿಯರು ಎಂದು ಊರವರು ಹೇಳುತ್ತಾರೆ. ಗೋಡೆ, ಚಾವಣಿ ಏನೂ ಇರಲಿಲ್ಲ. ನಾನು ಹೋದ ಮಧ್ಯಾಹ್ನ ಅರವತ್ತು ದಾಟಿದ ಒಬ್ಬ ಹೆಂಗಸು ಅಲ್ಲಿ ಉದುರಿದ ಎಲೆ ಆಯುತ್ತಿದ್ದರು. ಪೂಜೆ ಮಾಡೋದು ಯಾರು, ನೀವೇನಾ ಎಂದು ಕೇಳಿದೆ.

“ಪೂಜೆ ಅಯ್ನೋರು ಮಾಡೋದು ಕಣವ್ವ. ಇಲ್ಲಿ ಅಯ್ನೋರಿಲ್ಲ. ನಾನು ನೋಡ್ಕತೀನಿ ಅಷ್ಟೆಯ.”

ಹೆಂಗಸರು ಪೂಜೆ ಮಾಡುತ್ತಾರೆಯೇ ಎಂಬ ಕಾಲಂನಲ್ಲಿ ‘ಇಲ್ಲ’ ಎಂದು ಬರೆದೆ. ಪೂಜಾರಿ ಇದ್ದಾರೆಯೇ ಎಂಬುದಕ್ಕೂ ‘ಇಲ್ಲ’. ಅವರು ಕೊಟ್ಟ ಮಜ್ಜಿಗೆ ಕುಡಿದು ಸಂಜೆಯ ಬಸ್ಸು ಹಿಡಿದೆ.

ವರ್ಷಗಳು ಕಳೆದ ಮೇಲೆ ಆ ಸಂಶೋಧನೆ ಇಂಗ್ಲಿಷಿನಲ್ಲಿ ಪುಸ್ತಕವಾಯಿತು. ನನಗೊಂದು ಪ್ರತಿ ಬಂತು. ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರಿತ್ತು. ಅದನ್ನು ಅಮ್ಮನಿಗೆ ತೋರಿಸಿದ್ದೆ. ಒಳಗಿನ ಪುಟಗಳನ್ನು ನಿಧಾನವಾಗಿ ಓದಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ನರಸೀಪುರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಒಂದು ದಿನ ಸ್ಟಾಫ್ ರೂಮಿಗೆ ನಲವತ್ತರ ಆಸುಪಾಸಿನ ಒಬ್ಬರು ಬಂದರು. ಆ ಹಳ್ಳಿಯ ದೇವಸ್ಥಾನ ಸಮಿತಿಯ ಕಾರ್ಯದರ್ಶಿ. ಏಳು ಕಲ್ಲುಗಳಿಗೆ ಗುಡಿ ಕಟ್ಟಿಸುತ್ತಿದ್ದಾರೆ, ಆರ್‌ಸಿಸಿ ಆಗಿದೆ, ಟೈಲ್ಸ್ ಆಗಿದೆ, ಕಬ್ಬಿಣದ ಬಾಗಿಲು ಬರುವುದಿದೆ. ಅರ್ಚಕರನ್ನು ನೇಮಿಸಿಕೊಡಿ ಎಂದು ತಾಲ್ಲೂಕು ಕಚೇರಿಗೆ ಅರ್ಜಿ ಹಾಕಬೇಕು. ರೂಢಿಯಿಂದ ಪೂಜೆ ಮಾಡಿಕೊಂಡು ಬಂದವರು ಯಾರೂ ಇಲ್ಲ ಎಂಬುದಕ್ಕೆ ಏನಾದರೂ ದಾಖಲೆ ಬೇಕಂತೆ. ಅವರು ಪ್ಲಾಸ್ಟಿಕ್ ಕವರಿನಿಂದ ಎರಡು ಜೆರಾಕ್ಸ್ ಹಾಳೆಗಳನ್ನು ತೆಗೆದರು.

“ಇಂಗ್ಲಿಷ್ ಬುಕ್ಕಲ್ಲೇ ಬಂದ್‌ಬುಟ್ಟೈತೆ ಮೇಡಂ, ನಮ್ಮೂರು. ಇದನ್ನ ಸೊಲ್ಪ ಕನ್ನಡಕ್ಕೆ ಮಾಡಿಕೊಟ್ರೆ ಅರ್ಜಿಗೆ ಲಗತ್ತಿಸ್ತೀವಿ.”

ಮೊದಲ ಹಾಳೆಯಲ್ಲಿ ಒಂದು ಪಟ್ಟಿ. ಆ ಊರಿನ ಸಾಲಿನಲ್ಲಿ ಎರಡು ಕಡೆ ‘ಇಲ್ಲ’. ಎರಡನೆಯ ಹಾಳೆಯಲ್ಲಿ ಅದರ ವಿವರಣೆ: ಇಲ್ಲಿ ಪೂಜಾರಿ ಇಲ್ಲದಿದ್ದರೂ ಹೆಂಗಸರು ಆ ಸ್ಥಾನಕ್ಕೆ ಬಂದಿಲ್ಲ, ಗುಡಿಸುವ ಸಾರಿಸುವ ಕೆಲಸಕ್ಕಷ್ಟೇ ನಿಂತಿದ್ದಾರೆ ಎಂಬ ಅರ್ಥದ ಎರಡು ವಾಕ್ಯ. ಬರೆದವರ ದನಿಯಲ್ಲಿ ಮರುಕವಿತ್ತು. ಆ ಎರಡು ‘ಇಲ್ಲ’ಗಳನ್ನೂ ಬರೆದುಕೊಟ್ಟವಳು ನಾನು. ನಾಳೆ ಬಂದು ನೋಡುತ್ತೇನೆ ಎಂದಷ್ಟೇ ಅವರಿಗೆ ಹೇಳಿದೆ.

ಮರುದಿನ ಮೊದಲ ಬಸ್ಸಿಗೆ ಹೋದೆ. ಇಳಿದಾಗ ಹೊಳೆಯ ಕಡೆ ಇನ್ನೂ ಮಂಜಿತ್ತು. ಅಂದು ಮಜ್ಜಿಗೆ ಕೊಟ್ಟ ಅಜ್ಜಿ ಆಗಲೇ ಬಂದಿದ್ದರು. ಬೆನ್ನು ಬಾಗಿತ್ತು, ಆದರೆ ಅವರೇ. ಈ ಸಲ ನಾನು ಚೀಲದಿಂದ ಪೆನ್ನು ತೆಗೆಯಲಿಲ್ಲ. ಹೊಸ ಸಿಮೆಂಟಿನ ಮೆಟ್ಟಿಲ ಮೇಲೆ ಕೂತು ನೋಡಿದೆ.

ಅವರು ಮೊದಲು ಏಳೂ ಕಲ್ಲುಗಳನ್ನು ಒಂದೊಂದಾಗಿ ಮುಂಗೈಯಿಂದ ಮುಟ್ಟಿದರು, ಜ್ವರ ಬಂದಿದೆಯೋ ಎಂದು ಮಗುವಿನ ಹಣೆ ಮುಟ್ಟುವ ಹಾಗೆ. ಆಮೇಲೆ ಬಿಂದಿಗೆಯ ನೀರನ್ನು ಬೊಗಸೆಯಲ್ಲಿ ಹಿಡಿದು, ಸ್ವಲ್ಪ ಹೊತ್ತು ಹಾಗೇ ಇದ್ದು, ತಣ್ಣಗಿನ ನೀರು ಕೈಯ ಬಿಸಿ ಹಿಡಿದ ಮೇಲೆ ಕಲ್ಲಿಗೆ ಬಿಟ್ಟರು. ಹಳೆಯ ಸೀರೆಯ ತುಂಡಿನಿಂದ ಒರೆಸಿದರು. ಅರಿಶಿನ ಹಚ್ಚುತ್ತಾ ಹೋದರು, ಕಣಗಿಲೆ ಇಡುತ್ತಾ ಹೋದರು, ನಡುನಡುವೆ ಏನೋ ಮಾತಾಡುತ್ತಿದ್ದರು. ನಾನು ಮಂತ್ರವೋ ಹಾಡೋ ಅಂದುಕೊಂಡು ಕಿವಿಗೊಟ್ಟರೆ, ನಿನ್ನೆ ಯಾರ ಹಸು ಕರು ಹಾಕಿತು, ಯಾರ ಮಗಳು ಬಾಣಂತನಕ್ಕೆ ಬಂದಳು ಎಂಬ ಊರಿನ ಸುದ್ದಿ. ನಾಲ್ಕನೆಯ ಕಲ್ಲಿಗೆ ಬಂದಾಗ ಅರಿಶಿನದ ಬಟ್ಟಲನ್ನು ಕೆಳಗಿಟ್ಟರು. ಆ ಕಲ್ಲಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಬಿರುಕಿತ್ತು. ಅದಕ್ಕೆ ಬರೀ ಎಣ್ಣೆ ಹಚ್ಚಿದರು.

ಅದೇಕೆ ಅದಕ್ಕೆ ಅರಿಶಿನವಿಲ್ಲ ಎಂದೆ.

“ಗಾಯ ಅದೆಯಲ್ಲ. ಉರೀತದೆ ಅವ್ಳಿಗೆ.”

ಅಪ್ಪನ ಪೂಜೆಯನ್ನು ನಾನು ಇಪ್ಪತ್ತು ವರ್ಷ ನೋಡಿದ್ದೇನೆ. ದೊಡ್ಡ ಜಾತ್ರೆಗಳ ನೂಕುನುಗ್ಗಲಿನಲ್ಲಿ ಕೈ ಮುಗಿದಿದ್ದೇನೆ. ಎದುರಿಗೆ ಯಾರೋ ಇದ್ದಾರೆ ಎಂದು ನನಗೆ ಖಂಡಿತವಾಗಿ ಅನ್ನಿಸಿದ್ದು ಆ ಬೆಳಿಗ್ಗೆ, ಆ ಒಂದು ಬಿರುಕಿನ ಮುಂದೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಬಿಸಿಲು ಟೈಲ್ಸಿನ ಮೇಲೆ ಬಂದಿತ್ತು.

ಕೆಲಸ ಮುಗಿಸಿ ಅವರು ಪಕ್ಕದಲ್ಲಿ ಕೂತರು. ಅತ್ತೆ ಸಾಯುವ ಮೊದಲು ಈ ಏಳನ್ನೂ ತಮಗೆ ಒಪ್ಪಿಸಿದ್ದನ್ನು, ಅತ್ತೆಗೆ ಅವರ ಅತ್ತೆ ಒಪ್ಪಿಸಿದ್ದನ್ನು ಹೇಳಿದರು. ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವ ಹೆಂಗಸರು ಮೊದಲು ಇಲ್ಲಿಗೆ ಬಂದು ಹೋಗುತ್ತಾರಂತೆ. ಇದ್ಯಾವುದೂ ನನ್ನ ನಾಲ್ಕು ಪುಟದಲ್ಲಿ ಇರಲಿಲ್ಲ. ಹೇಳದೆ ಇರಲಾಗಲಿಲ್ಲ.

“ಅಜ್ಜಿ, ನೀವು ಪೂಜೆ ಮಾಡಲ್ಲ ಅಂತ ಪುಸ್ತಕದಲ್ಲಿ ಬಂದಿದೆ. ಬರೆದುಕೊಂಡು ಹೋದವಳು ನಾನು.”

“ಸರಿಯಾಗೇ ಬರ್ದಿದ್ದೀಯ. ಮಾಡಲ್ಲ.”

“ಮತ್ತೆ ಈಗ ಮಾಡಿದ್ದೇನು?”

“ನಿಮ್ಮವ್ವ ನಿಂಗೆ ಎಣ್ಣೆ ನೀರು ಉಯ್ದದ್ದು ಪೂಜೆಯಾ?” ಎಂದು ನಕ್ಕರು. ಆಮೇಲೆ ಬಾಗಿಲಿಲ್ಲದ ಚೌಕಟ್ಟಿನ ಕಡೆ ನೋಡಿದರು. “ಅದಿರ್ಲಿ. ಅಲ್ಲಿ ಬೀಗ ಆಕ್ತಾರಂತಲ್ಲ. ನಾನು ಎಂಗೆ ಒಳಿಕ್ಕೆ ಓಗಾದವ್ವ?”

ಅದನ್ನು ಕೇಳುವಾಗ ಅವರ ದನಿ ಸಣ್ಣಗಾಗಿತ್ತು.

ಹಾಳೆಗಳನ್ನು ನಾನು ಅನುವಾದಿಸಲಿಲ್ಲ. ನಾನು ಏನು ಕೇಳಿದ್ದೆ, ಅವರು ಏನು ಹೇಳಿದ್ದರು, ಏನು ಬರೆದೆ, ಈಗ ಏನು ಕಂಡೆ ಎಂಬುದನ್ನು ಒಂದೂವರೆ ಪುಟ ಬರೆದು ಕಾರ್ಯದರ್ಶಿಗೆ ಕೊಟ್ಟೆ. ಪ್ರಾಧ್ಯಾಪಕಿಗೂ ಬರೆದೆ. ಅವರ ಉತ್ತರ ಬೇಗನೆ ಬಂತು. ತುಂಬಾ ನೊಂದುಕೊಂಡಿದ್ದರು, ಮರುಮುದ್ರಣವಾದರೆ ತಿದ್ದುತ್ತೇನೆ, ಆಕೆ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕು ಹೇಳು ಎಂದಿದ್ದರು. ನನಗೆ ಹೊಳೆದ ಪದಗಳನ್ನೆಲ್ಲ ಬರೆದು, ಒಂದೊಂದಾಗಿ ಹೊಡೆದುಹಾಕಿದೆ. ಕೊನೆಗೆ ಆ ಬೆಳಿಗ್ಗೆ ಕಂಡದ್ದನ್ನೇ ಕ್ರಮವಾಗಿ ಬರೆದು ಕಳಿಸಿದೆ.

ಭಾನುವಾರ ಶಾಲೆಯ ಜಗಲಿಯಲ್ಲಿ ಸಮಿತಿ ಸೇರಿತು. ಹೆಂಗಸರು ಗೋಡೆಯ ಪಕ್ಕ ಕೂತಿದ್ದರು, ಅಜ್ಜಿ ಕಂಬಕ್ಕೆ ಒರಗಿದ್ದರು. ನನ್ನ ಕಾಗದವನ್ನು ನಾನೇ ಓದಿದೆ. ಹಿರಿಯರೊಬ್ಬರು ನಿಧಾನವಾಗಿ ಕೇಳಿದರು: “ಆಗ ಬರ್ದಿದ್ದು ಸುಳ್ಳಾ, ಈಗ ಬರ್ದಿರೋದು ಸುಳ್ಳಾ ಮೇಡಂ?”

“ಅಜ್ಜಿ ಹೇಳಿದ್ದು ಸುಳ್ಳಲ್ಲ. ನಾನು ಕೇಳಿದ್ದು ತಪ್ಪು.”

“ಮಕ್ಳು ಫೇಲಾಗೋದು ಕಂಡಿದ್ದೆ, ಕೊಸ್ಚನ್ ಪೇಪರೇ ಫೇಲಾಗೋದು ಇವತ್ತು ಕಂಡೆ ಕಣ್ಲಾ” ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾತು ಬಹಳ ಹೊತ್ತು ನಡೆಯಿತು. ಅಜ್ಜಿಯನ್ನು ಬಿಡಿಸಬೇಕೆಂದು ಯಾರಿಗೂ ಇರಲಿಲ್ಲ. ಗುಡಿ ಎಂದ ಮೇಲೆ ಅಯ್ಯನವರು ಬೇಕು ಎಂಬುದಷ್ಟೇ ಅವರ ವಾದ. ಕೊನೆಗೆ ಕಾರ್ಯದರ್ಶಿ ನಿರ್ಣಯ ಓದಿದರು: ಮಂಗಳವಾರ, ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಅರ್ಚಕರು ಬರುವುದು, ಪ್ರತಿದಿನದ ಸ್ವಚ್ಛತೆಗೆ ಅಜ್ಜಿಯವರು. ‘ಸ್ವಚ್ಛತೆ’ ಎಂಬ ಪದ ಕಿವಿಗೆ ಬಿದ್ದದ್ದೇ ನಾನು ಎದ್ದು ನಿಂತೆ. ಮತ್ತೆ ಅದೇ ತಪ್ಪು ಎಂದೆ. ‘ಸೇವೆ’ ಎಂದು ಬರೆಯಿರಿ ಎಂದೆ. ಸೇವೆ ಎಂದರೆ ಹಕ್ಕು ಬರೆದುಕೊಟ್ಟ ಹಾಗೆ, ನಾಳೆ ಕಾನೂನಿನ ತೊಡಕು ಎಂದರು ಒಬ್ಬರು. ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ.

“ಬುಡವ್ವ, ಏನಾರ ಬರ್ಕಳ್ಳಿ” ಎಂದರು ಅಜ್ಜಿ, ಕಂಬದ ಕಡೆಯಿಂದ. “ಎಂಟು ಗಂಟ್ಗೆ ಬರೋ ಅಯ್ನೋರ್ಗೆ ಅಲ್ಲಿ ಏನ್ ಉಳಿದಿರ್ತದೆ? ಗಂಟೆ ಅಲ್ಲಾಡ್ಸಲಿ, ಪಾಪ.” ಹೆಂಗಸರ ಸಾಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿತು. ಅಜ್ಜಿ ನಗಲಿಲ್ಲ. “ಬೀಗದ ಕೈ ಯಾರ ತಾವ ಇರ್ತದೆ? ಅದ ಯೋಳಿ.”

ಹಿರಿಯರು ಕಾರ್ಯದರ್ಶಿಯ ಮುಖ ನೋಡಿದರು. ಅಜ್ಜಿ ಕಂಬ ಹಿಡಿದು ಎದ್ದು, ಬಲಗೈ ಚಾಚಿ ನಿಂತರು.

ಬರಲಿರುವ ಬಾಗಿಲಿಗೆಂದು ಆಗಲೇ ತಂದಿದ್ದ ಹೊಸ ಬೀಗದ ಕೈಯನ್ನು ಕಾರ್ಯದರ್ಶಿ ಜೇಬಿನಿಂದ ತೆಗೆದರು. ಅಜ್ಜಿಯ ಕಡೆಗೆ ನಾಲ್ಕು ಹೆಜ್ಜೆ ನಡೆದರು. ಕೊನೆಯ ಹೆಜ್ಜೆಗೆ ಮೊದಲು ಅವರ ಕಾಲು ತನ್ನಷ್ಟಕ್ಕೆ ಚಪ್ಪಲಿಯಿಂದ ಹೊರಗೆ ಬಂದದ್ದನ್ನು ನಾನು ಕಂಡೆ. ಬೀಗದ ಕೈಯನ್ನು ಎರಡು ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಅಜ್ಜಿಯ ಅಂಗೈಯಲ್ಲಿಟ್ಟರು.