ಹಬ್ಬವಿಲ್ಲದ ವರ್ಷದ ಮೀನುಗಳು

ಶಿಕಾರಿಪುರದ ನಮ್ಮ ಮನೆಯಲ್ಲಿ, ಬೇರೆಯವರ ಮನೆಗಳಲ್ಲಿ ಟಿವಿ ಇರುವ ಜಾಗದಲ್ಲಿ, ಮೂರು ಅಡಿ ಉದ್ದದ ಗಾಜಿನ ತೊಟ್ಟಿಯಿದೆ. ಅದರಲ್ಲಿ ಮೂರು ಗೋಲ್ಡ್‌ಫಿಶ್‌ಗಳಿವೆ. ಮಗಳ ಹಟಕ್ಕೆ ತಂದವು, ಈಗ ನೋಡಿಕೊಳ್ಳುವವನು ನಾನು. ಭಾನುವಾರ ಬೆಳಿಗ್ಗೆ ಕಾಲು ಭಾಗ ನೀರನ್ನು ಮಾತ್ರ ಹೊರತೆಗೆಯುತ್ತೇನೆ. ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದು ಬಾಯಿ ತೆರೆದಿಟ್ಟ ನಲ್ಲಿ ನೀರನ್ನು, ಕ್ಲೋರಿನ್ ಹಾರಿಹೋದ ಮೇಲೆ, ಅಷ್ಟೇ ಪ್ರಮಾಣದಲ್ಲಿ ತುಂಬುತ್ತೇನೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯುವುದಿಲ್ಲ, ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಒಮ್ಮೆ ಅದ್ದಿ ಹಿಂಡುತ್ತೇನೆ. ಕೊಳೆಯಂತೆ ಕಾಣುವುದೆಲ್ಲ ಕೊಳೆಯಲ್ಲ. ಮೀನಿನ ಹೇಲಿನಿಂದ ಹುಟ್ಟುವ ಅಮೋನಿಯಾವನ್ನು ತಿಂದು ತೀರಿಸುವ ಬ್ಯಾಕ್ಟೀರಿಯಾ ಆ ಸ್ಪಂಜಿನಲ್ಲಿ, ಕಲ್ಲುಗಳ ಮೇಲಿನ ಲೋಳೆಯಲ್ಲಿ ಇರುತ್ತವೆ. ಎಲ್ಲವನ್ನೂ ಒಂದೇ ದಿನ ಉಜ್ಜಿ ತೊಳೆದು ಹೊಸ ನೀರು ತುಂಬಿದರೆ ತೊಟ್ಟಿ ಅಂಗಡಿಯಲ್ಲಿದ್ದಂತೆ ಹೊಳೆಯುತ್ತದೆ, ಮೂರನೆಯ ದಿನ ಮೀನು ಮೇಲಕ್ಕೆ ಬಂದು ಬಾಯಿ ಬಿಡತೊಡಗುತ್ತದೆ.

ಇದನ್ನು ವಿವರಿಸಲು ನನ್ನ ಬಳಿ ಒಂದು ಕಥೆಯಿತ್ತು. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು ನಾನು. ಅಮೋನಿಯಾದ ಪಾಠ ಬಂದಾಗಲೆಲ್ಲ ಆ ಕಥೆ ಹೇಳುತ್ತಿದ್ದೆ. ಸೊರಬದಲ್ಲಿ ನನಗೊಬ್ಬ ಅಕ್ಕ ಇದ್ದಾಳೆ. ಅವಳ ಮನೆಯಲ್ಲಿ ಮೀನಿನ ತೊಟ್ಟಿಯಿತ್ತು. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ನಮ್ಮ ಕಡೆ ಹಂಡೆ, ಕೊಡ, ತಪ್ಪಲೆ ಎಲ್ಲದರ ಹಳೆಯ ನೀರು ಚೆಲ್ಲಿ, ಹುಣಸೆಹಣ್ಣು ಹಾಕಿ ತಿಕ್ಕಿ, ಹೊಸ ನೀರು ತುಂಬುತ್ತಾರಷ್ಟೆ. ಅಕ್ಕ ಮೀನಿನ ತೊಟ್ಟಿಯನ್ನೂ ಬಿಡಲಿಲ್ಲ. ಅದನ್ನೂ ಬರಿದು ಮಾಡಿ ತಿಕ್ಕಿದಳು, ಬಾವಿಯಿಂದ ಹೊಸ ನೀರು ಸೇದಿ ತುಂಬಿದಳು, ಹಂಡೆಗೆ ಸುತ್ತುವ ಹಿಂಡಲೆಕಾಯಿ ಬಳ್ಳಿಯನ್ನು ಗಾಜಿನ ತೊಟ್ಟಿಗೂ ಸುತ್ತಿದಳು, ಗಾಜಿಗೆ ಅರಿಶಿನ ಕುಂಕುಮ ಹಚ್ಚಿದಳು. ಮೂರು ದಿನದಲ್ಲಿ ಮೂರು ಮೀನೂ ಸತ್ತವು. ಕುಂಕುಮದ ಮಾತಿಗೆ ತರಗತಿ ನಗುತ್ತಿತ್ತು. ನಗು ನಿಂತ ಮೇಲೆ ನಾನು ಬೋರ್ಡಿನತ್ತ ತಿರುಗಿ ಸಮೀಕರಣ ಬರೆಯುತ್ತಿದ್ದೆ. ಶುಚಿ ಬೇರೆ, ಆರೋಗ್ಯ ಬೇರೆ ಎಂಬುದು ಆ ದಿನದ ತಾತ್ಪರ್ಯ.

ಮನೆಯಲ್ಲೂ ಇದೇ ಕಥೆಯನ್ನು ಅಕ್ಕನ ಎದುರೇ ಹೇಳಿದ್ದೇನೆ, ಒಂದಲ್ಲ ನಾಲ್ಕು ಸಲ. ಅವಳು ತಲೆ ತಗ್ಗಿಸಿ ನಗುತ್ತಿದ್ದಳು.

ಆ ಮೀನುಗಳು ನಿಜವಾಗಿ ಭಾವನವು. ಭಾವ ಸರ್ವೆ ಇಲಾಖೆಯಲ್ಲಿದ್ದರು. ನಿವೃತ್ತಿಯಾದ ಮೇಲೆ ಶಿರಾಳಕೊಪ್ಪದ ಸಂತೆಗೆ ಹೋದವರು ತರಕಾರಿಯ ಚೀಲದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಮೂರು ಮೀನು ಹಿಡಿದು, ಬಸ್ಸಿನಲ್ಲಿ ಸೊರಬದವರೆಗೂ ಕವರನ್ನು ತೊಡೆಯ ಮೇಲಿಟ್ಟುಕೊಂಡು ಬಂದರಂತೆ. ಬೆಳಿಗ್ಗೆ ಕಾಫಿ ಲೋಟದೊಡನೆ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ಲೋಟ ಆರುವವರೆಗೂ ಏಳುತ್ತಿರಲಿಲ್ಲ. ಎರಡು ಬೆರಳಿನಲ್ಲಿ ಹಿಡಿದಷ್ಟೇ ತಿಂಡಿ, ಒಂದು ಕಾಳೂ ಹೆಚ್ಚಿಲ್ಲ. ಜಮೀನು ಅಳೆದ ಕೈ. ಅವರು ತೀರಿಕೊಂಡ ವರ್ಷವೇ ಮೀನುಗಳೂ ಹೋದವು. ಇದನ್ನು ಕೂಡ ನಾನು ಯಾವಾಗಲೂ ತಿಳಿದೇ ಇದ್ದೆ. ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿರಲಿಲ್ಲ, ಅಷ್ಟೇ.

ಕಳೆದ ಬೇಸಿಗೆಯಲ್ಲಿ ಅಕ್ಕ ನಮ್ಮಲ್ಲಿಗೆ ಬಂದಿದ್ದಾಗ ಮಗಳು ಮೀನಿನ ತಿಂಡಿಯ ಡಬ್ಬಿಯನ್ನು ಅವಳ ಕೈಗೆ ಕೊಡಲು ಹೋದಳು. ಅಕ್ಕ ಬಿಸಿ ತಾಗಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು.

"ಬ್ಯಾಡ ಪುಟ್ಟಿ. ನನ್ನ ಕೈಗುಣ ಆಗಲ್ಲ ಅವಕ್ಕೆ."

ಮಗಳು ಅದನ್ನು ತಮಾಷೆ ಎಂದುಕೊಂಡು ಒತ್ತಾಯಿಸಿದಳು. ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಅವಳು ನೆಟ್ಟ ಕಡ್ಡಿಯೂ ಚಿಗುರುತ್ತದೆ ಎಂದು ಊರೇ ಹೇಳುತ್ತಿದ್ದ ಕಾಲ ನನಗೆ ಗೊತ್ತು. ಮೆಣಸಿನ ಸಸಿ ಹಾಕುವುದಿದ್ದರೆ ಅಕ್ಕಪಕ್ಕದವರು ಮೊದಲ ಸಸಿಯನ್ನು ಅವಳ ಕೈಯಲ್ಲೇ ಊರಿಸುತ್ತಿದ್ದರು. ಈಗ ಯಾರು ಕರೆದರೂ ಹೋಗುವುದಿಲ್ಲವೆಂದು ಹೆಂಡತಿ ಹೇಳಿದಳು. ನಾನು ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದೆ. ಕೈಗುಣ ಎಂಬುದನ್ನೇ ನಂಬದವನಿಗೆ, ಅದು ಕೆಟ್ಟಿತು ಎಂದು ಒಬ್ಬರು ನಂಬುವುದೂ ದೊಡ್ಡ ವಿಷಯವಾಗಿ ಕಾಣುವುದಿಲ್ಲ.

ಈ ಸಲದ ನೀರು ತುಂಬುವ ಹಬ್ಬದ ಸಂಜೆ ನಮ್ಮ ಬಚ್ಚಲಿನಲ್ಲಿ ಹೆಂಡತಿ ಹಂಡೆಗೆ ಬಳ್ಳಿ ಸುತ್ತುತ್ತಿದ್ದಳು. ಹಂಡೆ ಈಗ ವರ್ಷಕ್ಕೊಮ್ಮೆ ಮಾತ್ರ ಕೆಳಗಿಳಿಯುತ್ತದೆ, ಉಳಿದ ದಿನ ಗೀಸರ್. ಪಕ್ಕದ ಮನೆಯ ಅಂಗಳದಲ್ಲಿ ರಂಗೋಲಿಯೂ ಇಲ್ಲ, ಕೊಡಗಳ ಸದ್ದೂ ಇಲ್ಲ. ಊರಿಗೆ ಹೋಗಿದ್ದಾರೆಯೇ ಎಂದು ಕೇಳಿದೆ.

"ಅವ್ರತ್ತೆ ತೀರ್‌ಕೊಂಡ್ರಲ್ರೀ ಆಷಾಢದಾಗೆ. ಈ ವರ್ಷ ಅವ್ರ ಮನ್ಯಾಗೆ ಹಬ್ಬ ಇಲ್ಲ," ಎಂದಳು. ಹೋಳಿಗೆ ಆದ ಮೇಲೆ ಒಂದು ಡಬ್ಬಿ ಕೊಟ್ಟು ಬರಬೇಕೆಂದೂ ಸೇರಿಸಿದಳು.

ನಾನು ಬಚ್ಚಲಿನ ಬಾಗಿಲಲ್ಲೇ ನಿಂತೆ. ಭಾವ ತೀರಿಕೊಂಡದ್ದು ಶ್ರಾವಣದಲ್ಲಿ. ನಮ್ಮವರಲ್ಲಿ ಸಾವಾದ ಮನೆಗೆ ಒಂದು ವರ್ಷ ಹಬ್ಬವಿಲ್ಲ. ಹಂಡೆ ತಿಕ್ಕುವುದಿಲ್ಲ, ಬಳ್ಳಿ ಕಟ್ಟುವುದಿಲ್ಲ, ಹೊಸ ನೀರಿಗೆ ಪೂಜೆಯಿಲ್ಲ. ಆ ದೀಪಾವಳಿಯಲ್ಲಿ ಅಕ್ಕ ನೀರು ತುಂಬಿರುವುದು ಸಾಧ್ಯವೇ ಇರಲಿಲ್ಲ. ತುಂಬದ ಹಬ್ಬದ ಕುಂಕುಮ ಗಾಜಿಗೆ ಎಲ್ಲಿಂದ ಬಂತು?

ಮೊದಲು ತಪ್ಪಿಸಿಕೊಳ್ಳಲು ನೋಡಿದೆ. ಮೀನು ಸತ್ತದ್ದು ಮರುವರ್ಷ ಇರಬೇಕು ಎಂದುಕೊಂಡೆ. ಆದರೆ ಮರುವರ್ಷ ಭಾವನ ವರ್ಷಾಬ್ದಿಕಕ್ಕೆ ಹೋದಾಗ ಖಾಲಿ ತೊಟ್ಟಿಯಲ್ಲಿ ಹಳೆಯ ಪೇಪರ್ ತುಂಬಿದ್ದನ್ನು ಕಂಡಿದ್ದೇನೆ. ಕಂಡಿದ್ದೇನೆಯೇ? ಒಂದು ಕಡೆ ಮೋಸ ಹೋದ ಮೇಲೆ ನೆನಪಿನ ಎಲ್ಲ ಕೋಣೆಗಳಲ್ಲೂ ದೀಪ ಹಚ್ಚಿ ನೋಡಬೇಕಾಗುತ್ತದೆ. ಹೆಂಡತಿಯನ್ನು ಕೇಳಿದೆ. ಪೇಪರು ಅವಳಿಗೂ ನೆನಪಿತ್ತು. ಆಮೇಲೆ, ನಾನು ಕೇಳದಿದ್ದುದನ್ನೂ ಹೇಳಿದಳು. ಭಾವ ಹೋದ ವರ್ಷದ ದೀಪಾವಳಿಗೆ ಅವಳು ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು, ನಾನು ಅಕ್ಕ ಒಬ್ಬಳೇ ಇರುತ್ತಾಳೆಂದು ಸೊರಬಕ್ಕೆ ಹೋಗಿದ್ದೆ. ಅವಳು ವಾಪಸು ಬಂದಾಗ ನನ್ನ ಬೆರಳ ತುದಿಗಳ ಚರ್ಮ ಬೆಳ್ಳಗೆ ಸುಲಿದಿತ್ತು. ಬ್ಲೀಚಿಂಗ್ ಪೌಡರ್ ಎಂದಿದ್ದೆನಂತೆ. ಅವಳು ಕೊಬ್ಬರಿ ಎಣ್ಣೆ ಹಚ್ಚಿದ್ದಳಂತೆ.

"ಅಕ್ಕನ ಮನೇಲಿ ಕ್ಲೀನ್ ಮಾಡ್ದೆ ಅಂದ್ರಿ. ಏನು ಅಂತ ನಾನು ಕೇಳ್ಲಿಲ್ಲ."

ನನಗೆ ನೆನಪಾಗಲಿಲ್ಲ. ಈಗಲೂ ಆಗಿಲ್ಲ. ಸಾಕ್ಷ್ಯ ಸಿಕ್ಕಿದೊಡನೆ ಮರೆತ ದೃಶ್ಯ ಕಣ್ಣ ಮುಂದೆ ಬಂದು ನಿಲ್ಲುತ್ತದೆಂದು ಜನ ಹೇಳುತ್ತಾರೆ. ನನಗೆ ಕಣ್ಣು ಮುಚ್ಚಿದರೆ ಕಾಣುವುದು ಇಂದಿಗೂ ಅಕ್ಕನೇ. ಸೆರಗು ಸಿಕ್ಕಿಸಿಕೊಂಡು ಗಾಜು ತಿಕ್ಕುತ್ತಿದ್ದಾಳೆ, ತೊಟ್ಟಿಗೆ ಬಳ್ಳಿ ಸುತ್ತುತ್ತಿದ್ದಾಳೆ. ಅಷ್ಟು ಸ್ಪಷ್ಟವಾದ ಚಿತ್ರ ಸುಳ್ಳು. ನಡೆದಿರಬೇಕಾದ ಚಿತ್ರವನ್ನು ನಾನು ಲೆಕ್ಕ ಬಿಡಿಸಿದಂತೆ ಬಿಡಿಸಿಕೊಳ್ಳಬೇಕು. ಭಾವ ಇಲ್ಲದೆ ಮೂರು ತಿಂಗಳು ಯಾರೂ ತೊಳೆಯದ ತೊಟ್ಟಿ, ಹಸಿರುಗಟ್ಟಿದ ಗಾಜು, ಹಬ್ಬದ ದಿನ ಕೆಲಸವಿಲ್ಲದೆ ಸುಮ್ಮನೆ ಕೂರಲಾರದ ತಮ್ಮ. ಕೈಗೆ ಸಿಕ್ಕಿದ್ದು ಬಾವಿಗೆ ಹಾಕಲು ಇಟ್ಟಿದ್ದ ಬ್ಲೀಚಿಂಗ್ ಪೌಡರ್. ಆಗ ಮೀನು ಸಾಕುವ ವಿಷಯ ನನಗೆ ಏನೂ ಗೊತ್ತಿರಲಿಲ್ಲ, ಎಂಎಸ್ಸಿ ಮಾತ್ರ ಆಗಿತ್ತು. ಚೆನ್ನಾಗಿ ತೊಳೆದು ಒಳ್ಳೆಯದು ಮಾಡಿದೆನೆಂದೇ ಬಸ್ಸು ಹತ್ತಿರುತ್ತೇನೆ. ನೀರು ಬದಲಾದ ಮೇಲೆ ಮೀನು ಹೋದವು ಎಂದು ಅಕ್ಕ ಫೋನಿನಲ್ಲಿ ಹೇಳಿರುತ್ತಾಳೆ. ಯಾರು ಬದಲಾಯಿಸಿದರು ಎಂಬ ಖಾಲಿ ಜಾಗವನ್ನು ನಾನು ತುಂಬಿಕೊಂಡೆ. ಒಂದು ವರ್ಷ ತರಗತಿಯಲ್ಲಿ ಹೇಳುವಾಗ ಕಥೆಗೆ ಬಳ್ಳಿ ಸೇರಿತು, ಇನ್ನೊಂದು ವರ್ಷ ಕುಂಕುಮ.

ಹಬ್ಬ ಮುಗಿದ ಮರುದಿನ ಸೊರಬಕ್ಕೆ ಹೋದೆ. ಶಿರಾಳಕೊಪ್ಪದಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಆ ಅರ್ಧ ಗಂಟೆಯಲ್ಲಿ ಮಾತನ್ನು ಹತ್ತು ರೀತಿ ಜೋಡಿಸಿದೆ. ಅಕ್ಕ ಹಿತ್ತಲ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನೂ ಎದುರಿಗೆ ಕೂತು ಬಿಡಿಸತೊಡಗಿದೆ. ಜೋಡಿಸಿದ ಮಾತೆಲ್ಲ ಹೋಗಿ, ಆ ಮೀನಿನ ತೊಟ್ಟಿ ತೊಳೆದದ್ದು ನೀನಲ್ಲ, ನಾನು ಎಂದು ನೇರವಾಗಿ ಹೇಳಿಬಿಟ್ಟೆ.

ಅವಳು ನಕ್ಕಳು. "ಎಂತ ಆಗ್ಯದೆ ನಿಂಗೆ? ನಾನೇ ಕಣೋ ತೊಳ್ದಿದ್ದು. ಬಳ್ಳಿ ಕಟ್ಟಿದ್ದು ಸೈತ ನೆನಪಿದೆ ನಂಗೆ. ಕುಂಕುಮ ಇಟ್ಟಿದ್ದೆ, ಗಾಜಿನ ಮೇಲೆ ಜಾರ್ತಿತ್ತು."

ಗಾಜಿನ ಮೇಲೆ ಕುಂಕುಮ ಜಾರುತ್ತಿತ್ತು. ಅದನ್ನು ನಾನು ಕೂಡ ಎಂದೂ ಹೇಳಿರಲಿಲ್ಲ. ನಾನು ಹುಡುಗರ ನಗುವಿಗಾಗಿ ಇಟ್ಟ ಕುಂಕುಮವನ್ನು ಅವಳು ಮನೆಗೆ ಕೊಂಡೊಯ್ದು, ಒದ್ದೆ ಗಾಜಿಗೆ ಹಚ್ಚಿ, ಅದು ಜಾರುವುದನ್ನು ಇಷ್ಟು ವರ್ಷ ನೋಡಿದ್ದಳು. ನನ್ನ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು.

"ಅಕ್ಕಾ," ಎಂದೆ, "ಆ ವರ್ಷ ನಿಮ್ಮನೇಲಿ ಹಬ್ಬ ಇರ್ಲಿಲ್ಲ."

ಅವಳು ಸಿಪ್ಪೆ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಎರಡು ಕಾಯಿ ಬಿಡಿಸಿದಳು, ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡಳು. ಗಂಡ ಹೋದ ವರ್ಷ ಮನೆಯಲ್ಲಿ ಏನು ಮಾಡಲಿಲ್ಲ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಹೌದಲ್ಲ," ಎಂದಳು. ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿ, "ಹಂಡೆನ ಮುಟ್ಟೇ ಇರ್ಲಿಲ್ಲ ನಾನು," ಎಂದಳು.

ಆಮೇಲೆ ನಾನು ಬ್ಲೀಚಿಂಗ್ ಪೌಡರಿನ ವಿಷಯ, ಹೆಂಡತಿ ಹೇಳಿದ ಬೆರಳಿನ ವಿಷಯ ಹೇಳಿದೆ. ಅಮೋನಿಯಾವನ್ನೂ ವಿವರಿಸಿದೆ. ಕ್ಷಮೆ ಕೇಳಲು ನಾಚಿಕೆಯಾದಾಗ ಮೇಷ್ಟ್ರುಗಳು ಪಾಠ ಮಾಡುತ್ತಾರೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು ತನ್ನದೊಂದು ಮಾತು ಹೇಳಿದಳು.

"ಮೊದ್ಲು ನಾನು ಅಂದ್ಕಂಡಿದ್ದು ಬೇರೆ. ಅವ್ರಿಲ್ಲ ಅಂತ ಗೊತ್ತಾಗಿ ಅವೂ ಹೋದ್ವು ಅಂತ. ದಿನಾ ಕುರ್ಚಿ ಹಾಕ್ಕಂಡು ಕೂರೋರಲ್ಲ, ಕಾಣಲಿಲ್ಲ ಅಂದ್ರೆ ಹುಡುಕ್ತಾವೆ. ಹಂಗಂದ್ಕಂಡು ಸಮಾಧಾನ ಇತ್ತು. ನೀನು ನಮ್ಮನೇಲಿ ಕೂತು, ಮೀನಿಗೆ ಅದೆಲ್ಲ ತಿಳಿಯಲ್ಲ, ತೊಳೆದಿದ್ದಕ್ಕೇ ಸತ್ವು ಅಂದೆ. ಓದಿದೋನು ಹೇಳ್ತಾನೆ ಅಂದ್ಮೇಲೆ ನಾನೇ ಇರ್ಬೇಕು ಅಂತ ಆಯ್ತು."

ಇಷ್ಟು ಹೇಳುವಾಗ ಅವಳ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಮೀನುಗಳು ಭಾವನನ್ನು ಹುಡುಕಿ ಸಾಯಲಿಲ್ಲವೆಂಬುದು ನನಗೆ ಇಂದಿಗೂ ಖಚಿತ. ಆದರೆ ನನ್ನ ಖಚಿತತೆಯ ಬೆಲೆ ಏನೆಂದು ಆ ಕಟ್ಟೆಯ ಮೇಲೆ ಗೊತ್ತಾಗಿತ್ತು. ಅವಳ ನಂಬಿಕೆಯಿಂದ ಯಾರಿಗೂ ಕೇಡಾಗಿರಲಿಲ್ಲ. ನಾನು ತಿಳುವಳಿಕೆಯೆಂದು ಅದರ ಜಾಗದಲ್ಲಿ ಇಟ್ಟದ್ದು ಒಂದು ಸುಳ್ಳು ಆಪಾದನೆ. ತಪ್ಪಾಯ್ತು ಅಕ್ಕಾ ಎಂದೆ.

"ಈ ವರ್ಷ ನೀನು ಅಂತೀಯ," ಎಂದಳು ಅವರೆಕಾಳಿನ ಮೊರವನ್ನು ಎತ್ತಿಕೊಂಡು, "ಬರೋ ವರ್ಷ ಯಾರು ಅಂತೀಯೋ."

ಅದು ತಮಾಷೆಯೋ ಅಲ್ಲವೋ ತಿಳಿಯಲಿಲ್ಲ. ಸಂಜೆಯ ಬಸ್ಸಿಗೆ ವಾಪಸಾದೆ. ಅವಳು ಪೂರ್ತಿ ನಂಬಿದಳೆಂದು ನನಗೆ ಅನಿಸಲಿಲ್ಲ. ಮತ್ತೆ ಫೋನು ಮಾಡಿ ವಾದಿಸಬೇಕೆನಿಸಿತು, ಒಂದೆರಡು ಸಲ ನಂಬರೂ ಒತ್ತಿದೆ. ಅವಳ ತಲೆಯೊಳಗೆ ಇನ್ನೊಂದು ಸಲ ನನ್ನ ಮಾತನ್ನು ಊರುವುದು ಬೇಡವೆಂದು ಬಿಟ್ಟೆ. ಕಾಲೇಜಿನಲ್ಲಿ ಆ ಪಾಠ ಬಂದಾಗ, ಒಬ್ಬ ಮೇಷ್ಟ್ರು ಮೀನಿನ ತೊಟ್ಟಿ ತೊಳೆದರು ಎಂದು ಶುರುಮಾಡಿದೆ. ಯಾರೂ ನಗಲಿಲ್ಲ, ಸಮೀಕರಣ ಮಾತ್ರ ಬೇಗ ಮುಗಿಯಿತು.

ಕಾರ್ತಿಕದ ಕೊನೆಗೆ ಅಕ್ಕ ನಾಲ್ಕು ದಿನಕ್ಕೆಂದು ಬಂದಳು. ಭಾನುವಾರ ಬೆಳಿಗ್ಗೆ ನಾನು ಎಂದಿನಂತೆ ಪೈಪಿನಿಂದ ನೀರು ಇಳಿಸಿ, ಕಾಲು ಭಾಗಕ್ಕೆ ನಿಲ್ಲಿಸಿದೆ. ಅವಳು ಸ್ನಾನ ಮುಗಿಸಿ, ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ದೂರದಿಂದ ನೋಡುತ್ತಿದ್ದಳು. ಎಷ್ಟು ತೆಗೆದೆ, ಯಾಕೆ ಇಷ್ಟೇ, ಬಕೆಟ್ಟಿನ ನೀರು ಯಾವಾಗ ಹಿಡಿದದ್ದು ಎಂದು ಒಂದೊಂದಾಗಿ ಕೇಳಿದಳು. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟೆ. ತಣ್ಣಗಿಲ್ಲವಷ್ಟೆ ಎಂದು ಬಕೆಟ್ಟಿನೊಳಗೆ ಬೆರಳಿಟ್ಟು ನೋಡಿದವಳು, ಬೆರಳು ತೆಗೆಯಲಿಲ್ಲ. ಹಾಗೇ ಮಗ್ಗಿಗೆ ಇನ್ನೊಂದು ಕೈ ಚಾಚಿದಳು.

"ಕೊಡು ಇಲ್ಲಿ. ನೀನು ಆಚೆ ನಿಂತ್ಕ."

ನಾನು ಆಚೆ ನಿಂತೆ. ಅವಳು ನೀರನ್ನು ನೇರವಾಗಿ ಸುರಿಯಲಿಲ್ಲ. ಎಡ ಅಂಗೈಯನ್ನು ನೀರಿನ ಮೇಲೆ ಚಾಚಿ, ಮಗ್ಗಿನ ನೀರು ಮೊದಲು ಅಂಗೈಗೆ ಬಿದ್ದು, ಬೆರಳುಗಳ ಸಂದಿನಿಂದ ತೊಟ್ಟಿಗೆ ಇಳಿಯುವಂತೆ ಹಾಕಿದಳು. ಹಾಗೆ ಮಾಡಬೇಕೆಂದು ನಾನು ಹೇಳಿರಲಿಲ್ಲ. ಮೀನುಗಳು ಮೊದಲು ಮೂಲೆಗೆ ಸರಿದವು. ನಾಲ್ಕನೆಯ ಮಗ್ಗಿಗೆ ಒಂದು ಅವಳ ಕೈಯ ಕೆಳಗೇ ಬಂದು ತೇಲಿತು. ಅವಳ ಕೈ ಹಿಂದೆ ಸರಿಯಲಿಲ್ಲ.

ಗುರುತಿನ ಗೆರೆಯವರೆಗೆ ನೀರು ಬಂದಾಗ "ಸಾಕಾ?" ಎಂದು ಕೇಳಿದಳು.

ಸಾಕು ಎಂದೆ. ಮೂರು ದಿನ ಕಳೆಯಲಿ, ನೋಡಿಕೊಂಡೇ ಹೋಗುತ್ತೇನೆ ಎಂದು ಅವಳು ಊರಿಗೆ ಹೊರಡುವುದನ್ನು ಗುರುವಾರಕ್ಕೆ ಮುಂದೂಡಿದಳು.