ಅಳಿಸಿದ ಕೋಟೆದಿಬ್ಬ

ಪದ್ಮಾ ಆಂಟಿ, ಆ ಕೋಟೆದಿಬ್ಬವನ್ನು ನೀವು ಗುರುತಿಸಿದ್ದಿರಿ. ಆ ಗುರುತನ್ನು ಅಳಿಸಿದವಳು ನಾನು.

ಮೂರು ವರ್ಷದ ಹಿಂದಿನ ಮಾತು. ಪಿಸ್ಕಾಟವೇ ಊರಿನ ಆಫೀಸಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತು, ವಿಮಾನದಿಂದ ಲೇಸರ್ ಹಾಯಿಸಿ ತೆಗೆದ ಇಂಗ್ಲೆಂಡಿನ ಹೊಲಗಳ ನಕ್ಷೆಗಳಲ್ಲಿ ಹಳೆಯ ಕಾಲದ ಕುರುಹು ಹುಡುಕುತ್ತಿದ್ದೆವು. ನಾವು ಗುರುತು ಹಾಕಿದ ಜಾಗಕ್ಕೆ ಅಲ್ಲಿ ರಕ್ಷಣೆ ಸಿಗುವ ಸಾಧ್ಯತೆಯಿತ್ತು. ಉಳಿದದ್ದರ ಮೇಲೆ ರಸ್ತೆ, ಮನೆ. ನೀವು ಗುರುತಿಸುತ್ತಿದ್ದಿರಿ, ನಾನು ಪರಿಶೀಲಿಸುತ್ತಿದ್ದೆ.

"ನೋಡೇ ಇಲ್ಲಿ," ಎಂದಿರಿ ಒಂದು ದಿನ, "ಬೋಗುಣಿ ಬೋರಲು ಹಾಕಿದ ಹಾಗಿದೆ! ಸುತ್ತ ಕಂದಕ, ಪಕ್ಕದಲ್ಲಿ ಅಂಗಳ. ಮಣ್ಣು ಗುಡ್ಡೆ ಹಾಕಿ ಮೇಲೆ ಮರದ ಕೋಟೆ ಕಟ್ಟಿದಾರೆ. ಒಂಬೈನೂರು ವರ್ಷದ್ದು, ಹಂಡ್ರೆಡ್ ಪರ್ಸೆಂಟ್ ಕಣೇ."

ನನಗೂ ಕಂಡಿತ್ತು. ಆದರೆ ಕೋಟೆ ಎಂದು ಒಪ್ಪಿದರೆ ನಾಲ್ಕು ಪುಟದ ವರದಿ ನಾನೇ ಬರೆಯಬೇಕು, ದಿನಕ್ಕೆ ಅರವತ್ತು ನಕ್ಷೆಯ ನನ್ನ ಲೆಕ್ಕ ತಪ್ಪುತ್ತದೆ — ಅಷ್ಟೇ ಕಾರಣ. 'ಹೊಲದ ಮಣ್ಣುರಾಶಿ' ಎಂದು ಬದಲಿಸಿದೆ. ಡೈರಿಯಲ್ಲಿ ಬರೆದೆ: ಮಾರ್ಚ್ 14. ನೋಡಿದ್ದು 60. ಅಳಿಸಿದ್ದು 1, ಪದ್ಮಾ ಆಂಟಿಯದು.

ಏಳು ತಿಂಗಳಿಗೆ ಬುಲ್ಡೋಜರ್ ಅದನ್ನು ಸಮ ಮಾಡಿತು. ಅಗೆದ ಮಣ್ಣಿನಲ್ಲಿ ಮರದ ಕಂಬಗಳ ಕುಳಿ ಕಂಡಾಗ ಇಂಗ್ಲೆಂಡಿನ ಇಲಾಖೆಯಿಂದ ನಮಗೆ ಪ್ರಶ್ನೆ ಬಂತು. ಕಂಪ್ಯೂಟರಿನಲ್ಲಿ ಕೊನೆಯ ನಮೂದಷ್ಟೇ ಉಳಿದಿತ್ತು, ನಿಮ್ಮ ಗುರುತಾಗಲಿ ನಾನು ಬದಲಿಸಿದ್ದಾಗಲಿ ಅದರಲ್ಲಿ ಕಾಣುತ್ತಿರಲಿಲ್ಲ. "ಶೀ ಮಿಸ್ಡ್ ಇಟ್," ಎಂದೆ ಮ್ಯಾನೇಜರಿಗೆ, ನಿಮ್ಮ ಹೆಸರು ಹೇಳಿ.

ನೀವು ಜಗಳಕ್ಕೆ ಬರಲಿಲ್ಲ. ನನ್ನ ಮೇಜಿನ ಬಳಿ ನಿಂತು, ನಗುತ್ತಲೇ ಕೇಳಿದಿರಿ — "ನಾನು ಮಾರ್ಕ್ ಮಾಡಿದ್ದೆ ಅಂತ ಜ್ಞಾಪಕ. ನಿನ್ನ ಡೈರಿ ನೋಡಿ ಹೇಳೇ. ಕೆಮ್ಮಿದ್ದನ್ನೂ ಬರ್ಕೊಳ್ಳೋಳು ನೀನು!"

ಆ ಪುಟ ತೆರೆದೆ. ಓದಿದೆ.

"ಏನೂ ಇಲ್ಲ ಆಂಟಿ. ನೀವೇ ಮರೆತಿರಬೇಕು."

ನನ್ನ ಡೈರಿಯ ಮೇಲೆ ನಿಮಗಿದ್ದ ನಂಬಿಕೆ — ಅದನ್ನೇ ನಿಮ್ಮ ವಿರುದ್ಧ ತಿರುಗಿಸಿದೆ. ನೀವು ಕೆಲಸ ಬಿಟ್ಟಿರಿ. ಮರೆವಿನ ಪರೀಕ್ಷೆಗೆಂದು ಎರಡು ಸಲ ಡಾಕ್ಟರ ಬಳಿ ಹೋದಿರಿ. ಒಬ್ಬರೇ ಡ್ರೈವ್ ಮಾಡುವುದನ್ನು ನಿಲ್ಲಿಸಿದಿರಿ. ಕಳೆದ ಭಾನುವಾರ ಮನ್ರೋ ಊರಿನ ನಿಮ್ಮ ಮನೆಯಲ್ಲಿ ಊಟ ಬಡಿಸುತ್ತ, ಒಲೆ ಆರಿಸಿದೆನೇ ಎಂದು ನನ್ನನ್ನು ಮೂರು ಬಾರಿ ಕೇಳಿದಿರಿ — ನನ್ನನ್ನೇ. ಮೂರು ಬಾರಿಯೂ ಒಲೆ ಆರಿತ್ತು.

ಆಫೀಸಿಗೂ, ಇಂಗ್ಲೆಂಡಿನ ಆ ಇಲಾಖೆಗೂ ಇಂದು ಬೆಳಿಗ್ಗೆ ನಿಜ ಬರೆದು ಕಳಿಸಿದ್ದೇನೆ. ದಿಬ್ಬ ಮತ್ತೆ ಏಳುವುದಿಲ್ಲ. ಡೈರಿಯ ಆ ಪುಟವನ್ನು ಹರಿದು ಈ ಪತ್ರದ ಜೊತೆ ಇಟ್ಟಿದ್ದೇನೆ. ಕ್ಷಮೆ ಕೇಳಲಾರೆ — ಕೇಳಿದರೆ ನೀವು ಕೊಟ್ಟುಬಿಡುತ್ತೀರಿ.

ನೀವು ಏನನ್ನೂ ಮರೆತಿರಲಿಲ್ಲ, ಆಂಟಿ.